ಅರ್ಥ ಆಗ್ಲಿಲ್ಲ ಕಣೋ

ಜಯನಗರ 4ನೇ ಬ್ಲಾಕಿನ ನನ್ನ ಚಿಕ್ಕಮ್ಮನಿಗೆ ಸಿನಿಮಾ ಎಂದರೆ ರಾಜ್‌ಕುಮಾರ್, ಸಂಗೀತ ಎಂದರೆ ರಾಮನವಮಿ ಕಛೇರಿ. ಅಂಥವರನ್ನು ‘ಎಕ್ಸ್‌ಪೆರಿಮೆಂಟಾ’ಕ್ಕೆ ಕರೆದುಕೊಂಡು ಹೋದದ್ದು ನನ್ನ ಭಂಡ ಧೈರ್ಯ. ಶಾಯ್ ಹೆರೆಡಿಯಾ 2003ರಲ್ಲಿ ಮುಂಬೈಯಲ್ಲಿ ಶುರು ಮಾಡಿ ಆಮೇಲೆ ಬೆಂಗಳೂರಿಗೆ ತಂದ ಪ್ರಯೋಗಾತ್ಮಕ ಚಿತ್ರಗಳ ಉತ್ಸವ ಅದು. ಹಸಿರು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ಇಂದಿರಾನಗರದಲ್ಲಿ ಇಳಿಯುವ ತನಕ ಅವರು ಕೇಳಿದ್ದು ಒಂದೇ: ‘ಹೀರೋ ಯಾರು?’

ಹೀರೋ ಇರಲಿಲ್ಲ. ಕಥೆಯೂ ಇರಲಿಲ್ಲ. ಪ್ರೊಜೆಕ್ಟರ್ ಮಾತ್ರ ನಮ್ಮ ಬೆನ್ನ ಹಿಂದೆಯೇ ಕೂತು ಟರಟರ ಎನ್ನುತ್ತಿತ್ತು. ‘ಹೊಲಿಗೆ ಮಿಷನ್ ಥರ ಇದೆ’ ಎಂದು ಚಿಕ್ಕಮ್ಮ ತಿರುಗಿ ನೋಡಿದರು. ಸೆಕೆಂಡಿಗೆ 24 ಚಿತ್ರ ಓಡುತ್ತವೆ, ಒಂದು ಸರಿದು ಇನ್ನೊಂದು ಬರುವಾಗ ಶಟರ್ ಬೆಳಕನ್ನು ಮುಚ್ಚುತ್ತದೆ, ಸುಮಾರು ಅರ್ಧ ಹೊತ್ತು ಪರದೆ ಮೇಲೆ ಬರೀ ಕತ್ತಲೆ ಎಂದು ಪಿಸುಗುಟ್ಟಿದೆ. ‘ಹಾಗಾದ್ರೆ ಅರ್ಧ ಸಿನಿಮಾ ನಾವು ನೋಡ್ಲೇ ಇಲ್ಲ ಅನ್ನು’ ಎಂದರು.

ಚಿತ್ರ ಮುಗಿದು ಹೊರಗೆ ಕಾಫಿ ಹಿಡಿದು ನಿಂತಾಗ ಪರಿಚಿತರೊಬ್ಬರು ಹೇಗನ್ನಿಸಿತು ಎಂದು ಕೇಳಿದರು. ನಾನು ‘ಕಾಲದ ಛಿದ್ರತೆ’ ಎಂದೇನೋ ಅಂದೆ. ಅವರು ತಲೆದೂಗಿದರು, ನಾನೂ ತಲೆದೂಗಿದೆ. ಚಿಕ್ಕಮ್ಮ ಮಾತ್ರ, ‘ನಂಗೇನೂ ಅರ್ಥ ಆಗ್ಲಿಲ್ಲ ಕಣೋ. ಆದ್ರೆ ನೀರಲ್ಲಿ ಅದ್ದಿದ ಆ ಕೈ ಮೂರು ಸಲ ಬಂತಲ್ಲ, ಮೂರನೇ ಸಲ ಉಂಗುರ ಇರ್ಲಿಲ್ಲ. ಯಾಕೆ?’ ಎಂದರು.

ನನ್ನ ಗಮನಕ್ಕೆ ಉಂಗುರವೇ ಬಂದಿರಲಿಲ್ಲ.

ಇದೇ ಚಿಕ್ಕಮ್ಮ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಪೆಂಡಾಲಿನಲ್ಲಿ ಇಪ್ಪತ್ತು ನಿಮಿಷದ ತೋಡಿ ಆಲಾಪನೆಗೆ ಅಲುಗಾಡದೆ ಕೂರುತ್ತಾರೆ. ಅಲ್ಲಿ ಮಾತಿಲ್ಲ, ಕಥೆಯಿಲ್ಲ. ‘ಇದರ ಅರ್ಥವೇನು’ ಎಂದು ಕೇಳುವವರೂ ಇಲ್ಲ. ಕಿವಿಯನ್ನು ಹೀಗೆ ಪಳಗಿಸಿಕೊಂಡವರು ಕಣ್ಣನ್ನು ಮಾತ್ರ ಕಥೆಯ ಗೂಟಕ್ಕೆ ಕಟ್ಟಿ ಹಾಕಿದ್ದೇವೆ. ಇಂಥ ಚಿತ್ರಗಳೆಲ್ಲ ಪರದೇಶದ ಷೋಕಿ ಎನ್ನುವಂತೆಯೂ ಇಲ್ಲ. ನಮ್ಮ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನಲ್ಲೇ ಪ್ರಮೋದ್ ಪತಿ 1968ರಲ್ಲಿ ‘ಎಕ್ಸ್‌ಪ್ಲೋರರ್’ ಮಾಡಿದರು. ಏಳು ನಿಮಿಷದ್ದು. ಕುಣಿಯುವ ಹುಡುಗ ಹುಡುಗಿಯರು, ದೇವರ ಪಟ, ಯಂತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತವೆ. ಸರ್ಕಾರಿ ದುಡ್ಡಿನಲ್ಲಿ ಇಷ್ಟು ಹುಚ್ಚಾಟಕ್ಕೆ ಒಪ್ಪಿಗೆ ಸಿಕ್ಕಿತ್ತಲ್ಲ ಎಂದು ನನಗೆ ಈಗಲೂ ಬೆರಗು.

ನನ್ನ ಕಣ್ಣಿಗೆ ಒಂದಿಷ್ಟು ಪಾಠವಾದದ್ದು 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ, ಬನಶಂಕರಿ 2ನೇ ಹಂತದಲ್ಲಿ. ಕಥೆ ನಿಧಾನವಾದರೂ ಎದ್ದು ಹೋಗದೆ ಕೂರುವುದನ್ನು ಅಲ್ಲಿ ಕಲಿತೆ. ತಲೆದೂಗುವುದನ್ನು ಮಾತ್ರ ಯಾರೂ ಕಲಿಸಲಿಲ್ಲ, ಅದು ನನ್ನದೇ ಗಳಿಕೆ. ಅರ್ಥವಾಗದೆ ಎದ್ದು ಹೋಗುವವನಿಗೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಆದರೆ ಅವನು ತನಗೆ ಬೇಸರವಾಯಿತು ಎಂಬ ನಿಜವನ್ನಾದರೂ ಹೇಳಿ ಹೋದ. ನಾನು ಕೂತಲ್ಲೇ ಎದ್ದು ಹೋಗಿದ್ದೆ. ಅದನ್ನು ಮುಚ್ಚಲು ದೊಡ್ಡ ಪದಗಳನ್ನು ಹೊದ್ದುಕೊಂಡೆ. ಅಂದು ‘ಎಕ್ಸ್‌ಪೆರಿಮೆಂಟಾ’ದಲ್ಲಿ ತೋರಿಸಿದ್ದರಲ್ಲಿ ಎರಡು ಚಿತ್ರಗಳು ಹುರುಳಿಲ್ಲದವು. ಅದನ್ನು ಹೇಳುವ ಬಾಯಿಯೂ ನನಗಿರಲಿಲ್ಲ. ಎಲ್ಲದಕ್ಕೂ ತಲೆದೂಗಿದವನು ಯಾವುದನ್ನು ತಳ್ಳಿಹಾಕಿಯಾನು?

ವಾರದ ನಂತರ ಚಿಕ್ಕಮ್ಮ ಫೋನ್ ಮಾಡಿದರು. ಸಾರಿಗೆ ಒಗ್ಗರಣೆ ಹಾಕುತ್ತಿದ್ದರೇನೋ, ಚಟಪಟ ಕೇಳುತ್ತಿತ್ತು.

‘ಆ ಕೈ ಎಡಗೈ ಅಲ್ವೇನೋ?’

ಹೌದು ಎನ್ನಲು ನಾಲಿಗೆ ತುದಿಗೆ ಬಂದಿತ್ತು.

‘ನಾನು ನೋಡ್ಲಿಲ್ಲ ಚಿಕ್ಕಮ್ಮ’ ಎಂದೆ.

‘ಸರಿ, ಇನ್ನೊಂದ್ಸಲ ಹಾಕಿದ್ರೆ ಹೇಳು. ಹೋಗೋಣ’ ಎಂದು ಫೋನ್ ಇಟ್ಟರು.