ಕೈ ಕಟ್ಟಿ ಕೂರುವ ಆರೈಕೆ

ಹ್ಯಾಮ್‌ಸ್ಟರ್ ಸಾಕಿದ ಮನೆಯವರಿಗೆ ರಾತ್ರಿ ಹತ್ತರ ಮೇಲೆ ಒಂದು ಸದ್ದು ರೂಢಿಯಾಗಿರುತ್ತದೆ. ಪಂಜರದೊಳಗಿನ ಚಕ್ರ ಗಿರಗಿರ ತಿರುಗುವ ಸದ್ದು. ಹಗಲೆಲ್ಲ ಮುದುರಿ ಮಲಗಿ, ನಾವು ದೀಪ ಆರಿಸುವ ಹೊತ್ತಿಗೆ ಎದ್ದು, ಚಕ್ರದಲ್ಲಿ ಕಿಲೋಮೀಟರುಗಟ್ಟಲೆ ಓಡುವ, ಇಲಿಯಂಥ ಪುಟ್ಟ ಜೀವ ಅದು. ಮೊದಮೊದಲು ನಿದ್ದೆಗೆಡಿಸುವ ಈ ಸದ್ದು ವಾರ ಕಳೆಯುವುದರೊಳಗೆ ಕಿವಿಗೆ ಒಗ್ಗಿಹೋಗುತ್ತದೆ. ಹಾಗಾಗಿ ಅದು ನಿಂತ ರಾತ್ರಿ ಯಾರ ಗಮನಕ್ಕೂ ಬರುವುದಿಲ್ಲ. ಈವತ್ತು ಒಳ್ಳೆಯ ನಿದ್ದೆ ಬಂತು ಎಂದುಕೊಂಡು ಎದ್ದುಬಿಡುತ್ತೇವೆ. ಪಂಜರದ ಮೂಲೆಯಲ್ಲಿ ಒಂದು ಕಾಲು ಮುರಿದಿರಬಹುದು ಎಂಬುದು ತಲೆಗೇ ಹೊಳೆಯುವುದಿಲ್ಲ.

ನಾಯಿಯ ಕಾಲು ಮುರಿದರೆ ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ. ಬೆಕ್ಕು ಗುರುಗುಟ್ಟುತ್ತದೆ. ಹ್ಯಾಮ್‌ಸ್ಟರ್ ಸುಮ್ಮನಾಗುತ್ತದೆ. ಗೂಬೆ, ನರಿ, ಹಾವುಗಳ ನಡುವೆ ಬದುಕಬೇಕಾದ ಪ್ರಾಣಿಗೆ ನೋವು ತೋರಿಸಿಕೊಳ್ಳುವುದೆಂದರೆ ಸಾವನ್ನು ಕರೆದಂತೆ. ನಮ್ಮಲ್ಲಿ ಹೆಚ್ಚಾಗಿ ಸಾಕುವ ಹೊಂಬಣ್ಣದ ಹ್ಯಾಮ್‌ಸ್ಟರಿನ ತವರು ಸಿರಿಯಾದ ಉತ್ತರ ಭಾಗ ಮತ್ತು ಅದಕ್ಕೆ ತಾಗಿದ ಟರ್ಕಿಯ ಹೊಲಗಳು. 1930ರಲ್ಲಿ ಜೆರುಸಲೇಮಿನ ಪ್ರಾಣಿವಿಜ್ಞಾನಿ ಇಸ್ರೇಲ್ ಅಹರೋನಿ ಅಲೆಪ್ಪೋ ನಗರದ ಬಳಿಯ ಹೊಲವೊಂದನ್ನು ಅಗೆಸಿ, ಬಿಲದಿಂದ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿದರು. ಕೆಲವು ಸತ್ತು, ಕೆಲವು ತಪ್ಪಿಸಿಕೊಂಡು, ಉಳಿದದ್ದು ಬೆರಳೆಣಿಕೆಯಷ್ಟು. ಇಂದು ಜಗತ್ತಿನ ಮನೆಮನೆಗಳಲ್ಲಿ ಸಾಕುತ್ತಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳಲ್ಲಿ ಬಹುಪಾಲು ಆ ಒಂದು ಬಿಲದ ಸಂತತಿ. ಪ್ರಯೋಗಾಲಯದಿಂದ ಪಂಜರಕ್ಕೆ, ಪಂಜರದಿಂದ ಶಿವಾಜಿನಗರದ ಅಂಗಡಿಗೆ ಬಂದರೂ ನೋವನ್ನು ಒಳಗೇ ನುಂಗಿಕೊಳ್ಳುವ ಗುಣವನ್ನು ಅವು ಬಿಟ್ಟಿಲ್ಲ.

ಹೀಗಿರುವಾಗ ಕಾಲು ಮುರಿದಿದೆಯೆಂದು ತಿಳಿಯುವುದು ಹೇಗೆ? ಕೆಲವೊಮ್ಮೆ ಕಣ್ಣಿಗೇ ಕಾಣುತ್ತದೆ. ಒಂದು ಕಾಲನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದಿರುತ್ತದೆ, ಇಲ್ಲವೇ ಎಳೆದುಕೊಂಡು ಹೋಗುತ್ತದೆ. ಪಾದ ಎತ್ತಲೋ ತಿರುಗಿರುತ್ತದೆ, ಊದಿಕೊಂಡಿರುತ್ತದೆ. ಹಲವು ಸಲ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆಗ ಕಾಲಿಗಿಂತ ಮುಖ, ಮೈ ಹೆಚ್ಚು ಹೇಳುತ್ತವೆ. ಬೆನ್ನು ಗೂನು ಮಾಡಿ ಕೂತಿರುವುದು, ಕಣ್ಣು ಅರೆಮುಚ್ಚಿರುವುದು, ಕೂದಲು ಕೆದರಿ ನಿಂತಿರುವುದು, ಮೈ ನೆಕ್ಕಿ ಚೊಕ್ಕ ಮಾಡಿಕೊಳ್ಳುವುದನ್ನು ಬಿಟ್ಟಿರುವುದು, ಎಂದೂ ಕಚ್ಚದ್ದು ಮುಟ್ಟಹೋದರೆ ಕಚ್ಚುವುದು. ಕೆನ್ನೆಚೀಲದಲ್ಲಿ ಕಾಳು ತುಂಬಿಕೊಂಡು ಗೂಡಿಗೆ ಸಾಗಿಸುವುದೇ ಅದರ ದಿನದ ಕಸುಬು. ಹಾಕಿದ ಕಾಳು ಹಾಕಿದಲ್ಲೇ ಉಳಿದಿದೆಯೆಂದರೆ ಏನೋ ಕೆಟ್ಟಿದೆ. ಕುಂಟುವುದೆಲ್ಲ ಮುರಿತವೇ ಆಗಬೇಕೆಂದೂ ಇಲ್ಲ. ಉಳುಕಿರಬಹುದು, ಉಗುರು ಬೆಳೆದು ಎಲ್ಲೋ ಸಿಕ್ಕಿಕೊಂಡು ಕಿತ್ತಿರಬಹುದು, ಪಾದದಡಿ ಹುಣ್ಣಾಗಿರಬಹುದು. ಮೆತ್ತಗಿರಲೆಂದು ಅಂಗಡಿಯವರು ಕೊಡುವ ಹತ್ತಿಯಂಥ ಹಾಸಿನ ಎಳೆ ಕಾಲಿಗೆ ಬಿಗಿಯಾಗಿ ಸುತ್ತಿ ರಕ್ತ ಓಡದಂತೆ ಮಾಡಿರಬಹುದು. ಎಳೆ, ಉಗುರು, ಹುಣ್ಣು ಮನೆಯಲ್ಲೇ ನೋಡಿದರೆ ಕಾಣುತ್ತವೆ. ಉಳುಕೋ ಮುರಿತವೋ ಎಂಬುದನ್ನು ಎಕ್ಸ್‌ರೇ ಹೇಳಬೇಕು.

ಕಾಲು ಮುರಿಯುವ ಕಾರಣಗಳು ಬಹುತೇಕ ನಾವು ಕೊಂಡುತಂದವೇ. ಕಂಬಿಕಂಬಿಯ ತಂತಿಚಕ್ರದಲ್ಲಿ ಓಡುವಾಗ ಸಂದಿಗೆ ಕಾಲು ಸಿಕ್ಕುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ, ಕಾಲು ನಿಂತುಬಿಡುತ್ತದೆ. ಮೊಣಕಾಲ ಕೆಳಗಿನ ಮೂಳೆಗೆ ಮಾಂಸದ ರಕ್ಷಣೆ ಕಡಿಮೆ, ಮುರಿಯುವುದು ಹೆಚ್ಚಾಗಿ ಅದೇ. ಎರಡು ಮೂರು ಮಹಡಿಯ ಪಂಜರ ನೋಡಲು ಚಂದ, ಬಿದ್ದರೆ ಅಪಾಯ. ಹ್ಯಾಮ್‌ಸ್ಟರಿಗೆ ದೃಷ್ಟಿ ಮಂದ, ಆಳದ ಅಂದಾಜು ಇನ್ನೂ ಕಡಿಮೆ. ಮೇಜಿನ ಅಂಚು ಎಲ್ಲಿ ಮುಗಿಯಿತೆಂದು ತಿಳಿಯದೆ ನಡೆದುಕೊಂಡೇ ಹೋಗಿ ಬೀಳುತ್ತದೆ. ಮಕ್ಕಳು ನಿಂತುಕೊಂಡು ಎತ್ತಿ ಹಿಡಿದಾಗ ಕಚಗುಳಿಯಾಗಿಯೋ ಹೆದರಿಯೋ ಕೈ ಬಿಡುತ್ತಾರೆ. ಬರೀ ಸೂರ್ಯಕಾಂತಿ ಬೀಜ ತಿನ್ನಿಸಿ ಬೆಳೆಸಿದರೆ ಸುಣ್ಣದಂಶ ಸಾಲದೆ ಮೂಳೆಯೂ ಬಲಹೀನವಾಗುತ್ತದೆ.

ನಮ್ಮ ಕಟ್ಟಡದ ಮೂರನೇ ಮಹಡಿಯ ಮನೆಯಲ್ಲಿ ಕಳೆದ ವರ್ಷ ಹೀಗೇ ಆಯಿತು. ಹಿಂಗಾಲು ತಿರುಚಿಕೊಂಡ ಹ್ಯಾಮ್‌ಸ್ಟರನ್ನು ನೋಡಿ ಮನೆಮಂದಿಯೆಲ್ಲ ಪಂಜರದ ಸುತ್ತ ಸೇರಿದರು. ಅರಿಶಿನ ಹಚ್ಚಬೇಕು ಎಂದವರು ಅಜ್ಜಿ. ಊರಿನ ಗೋಡೆಗೋಡೆಯ ಮೇಲಿನ ನಾಟಿ ಮೂಳೆ ಚಿಕಿತ್ಸೆಯ ಬೋರ್ಡು ಓದಿದ್ದ ಹುಡುಗ, "ಅಜ್ಜಿ, ಪುತ್ತೂರು ಕಟ್ಟು ಹಾಕ್ಸೋಣ್ವಾ?" ಅಂದ. ಯಾರೂ ನಗಲಿಲ್ಲ. ಅವನಪ್ಪ ಐಸ್‌ಕ್ರೀಮ್ ಕಡ್ಡಿಯನ್ನು ಸೀಳಿ, ಬ್ಯಾಂಡ್‌ಏಡ್ ಸುತ್ತಿ, ಅಂಗುಲವೂ ಇಲ್ಲದ ಕಾಲಿಗೆ ದಬ್ಬೆ ಕಟ್ಟೇಬಿಟ್ಟರು. ಎಂಜಿನಿಯರ್ ಕೈ, ಕೆಲಸ ನೀಟಾಗಿಯೇ ಇತ್ತು. ಬೆಳಿಗ್ಗೆ ನೋಡಿದರೆ ಕಡ್ಡಿ ಚೂರುಚೂರು, ಅಂಟುಪಟ್ಟಿಯ ಅರ್ಧ ಹೊಟ್ಟೆಯೊಳಗೆ, ಕಾಲಿನ ಚರ್ಮ ಕೆಂಪಗೆ ಹಸಿ. ಜೀವನವಿಡೀ ಬೆಳೆಯುವ ಹಲ್ಲುಗಳಿರುವ ಪ್ರಾಣಿ ಕಾಲಿಗೆ ಕಟ್ಟಿದ್ದನ್ನು ಕಡಿಯದೆ ಬಿಡುತ್ತದೆಯೇ? ಕೊನೆಗೆ ಆಸ್ಪತ್ರೆಗೆ ಒಯ್ದಾಗ ಪಶುವೈದ್ಯೆ ಬೈಯಲಿಲ್ಲ. ಎಕ್ಸ್‌ರೇ ನೋಡಿ, ನೋವಿಗೆ ಹನಿಲೆಕ್ಕದ ಔಷಧಿ ಬರೆದುಕೊಟ್ಟರು. "ಮನೇಲಿ ನಾವೇನ್ ಮಾಡ್ಬೇಕು ಡಾಕ್ಟ್ರೇ?" ಎಂದು ಹುಡುಗನ ಅಪ್ಪ ಕೇಳಿದ್ದಕ್ಕೆ, "ಏನೂ ಮಾಡ್ಬೇಡಿ ಸರ್, ಅದೇ ಕಷ್ಟದ ಕೆಲಸ" ಎಂದರು.

ಆ ಮಾತಿನಲ್ಲಿ ವೈದ್ಯಕೀಯವೂ ಇದೆ, ವಿವೇಕವೂ ಇದೆ. ಚಿಕ್ಕ ಪ್ರಾಣಿಯ ಮೂಳೆ ಬೇಗ ಕೂಡಿಕೊಳ್ಳುತ್ತದೆ. ಚರ್ಮ ಹರಿಯದ, ಹೆಚ್ಚು ಜರುಗದ ಮುರಿತವಾದರೆ ಮೂರರಿಂದ ಆರು ವಾರದ ವಿಶ್ರಾಂತಿಯಲ್ಲಿ ತಾನಾಗಿಯೇ ಗಟ್ಟಿಯಾಗುವುದು ಸಾಮಾನ್ಯ. ಒಮ್ಮೊಮ್ಮೆ ತುಸು ಸೊಟ್ಟಗಾದರೂ ಓಡಾಟಕ್ಕೆ ಅಡ್ಡಿಯಾಗುವುದಿಲ್ಲ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ರಕ್ತ ನಿಲ್ಲದಿದ್ದರೆ, ಪಾದ ತಣ್ಣಗಾಗಿ ಬಣ್ಣಗೆಟ್ಟಿದ್ದರೆ ಮಾತ್ರ ಬೆಳಗಾಗಲಿ ಎಂದು ಕಾಯುವಂತಿಲ್ಲ. ಅಂಥ ಕಾಲನ್ನು ವೈದ್ಯರು ತೆಗೆದುಹಾಕಬೇಕಾಗಬಹುದು. ಕೇಳಿದರೆ ನಮ್ಮ ಎದೆ ಝಲ್ಲೆನ್ನುತ್ತದೆ. ಹ್ಯಾಮ್‌ಸ್ಟರ್ ಮಾತ್ರ ಕೆಲವೇ ದಿನಗಳಲ್ಲಿ ಮೂರು ಕಾಲಿನಲ್ಲಿ ಓಡಾಡಲು ಕಲಿತು, ಕಾಳು ತುಂಬಿಕೊಂಡು ಗೂಡು ಸೇರುತ್ತದೆ. ಕಳೆದುಕೊಂಡ ಕಾಲಿನ ಬಗ್ಗೆ ಮರುಗುವವರು ನಾವು, ಉಳಿದ ಮೂರರಲ್ಲಿ ಬದುಕುವುದು ಅದು.

ಮನೆಯ ಔಷಧಿ ಡಬ್ಬಿಯಿಂದ ದೂರವಿರುವುದು ಎಲ್ಲಕ್ಕಿಂತ ಮುಖ್ಯ. ಜ್ವರವೆಂದರೆ ಪ್ಯಾರಾಸಿಟಮಾಲ್, ಗಾಯವೆಂದರೆ ಅಮಾಕ್ಸಿಸಿಲಿನ್ ಎಂದು ಡಾಕ್ಟರನ್ನೂ ಕೇಳದೆ ನುಂಗುವುದು ನಮಗೆ ಅಭ್ಯಾಸವಾಗಿಹೋಗಿದೆ. ಬೆಳೆದ ಹ್ಯಾಮ್‌ಸ್ಟರಿನ ತೂಕ ಸುಮಾರು 120 ಗ್ರಾಂ ಎಂದಿಟ್ಟುಕೊಳ್ಳಿ. 60 ಕಿಲೋ ಮನುಷ್ಯನ ಐನೂರರಲ್ಲಿ ಒಂದು ಪಾಲು. ಮಾತ್ರೆಯನ್ನು ಎಷ್ಟು ತುಂಡು ಮಾಡಿದರೂ ಆ ಅಳತೆ ಕೈಗೆ ಸಿಗುವುದಿಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಬಳಗದ ಔಷಧಿಗಳಂತೂ ಅದರ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ಕೊಂದು, ವಿಷಕಾರಿ ಬ್ಯಾಕ್ಟೀರಿಯಾ ಹೆಚ್ಚುವಂತೆ ಮಾಡುತ್ತವೆ. ಮುರಿದ ಕಾಲಿನಿಂದ ಸಾಯದ ಜೀವ ಔಷಧಿಯಿಂದ ಭೇದಿ ಹತ್ತಿ ಸಾಯುತ್ತದೆ. ನಮಗೆ ಜೀವದಾನ ಮಾಡಿದ ಮದ್ದು ಇನ್ನೊಂದು ಜೀವಕ್ಕೆ ವಿಷವಾಗಬಹುದು ಎಂಬುದನ್ನು ಒಳ್ಳೆಯ ಮನಸ್ಸಿನವರೇ ಮರೆಯುವುದು ಹೆಚ್ಚು.

ಹಾಗಾದರೆ ಮನೆಯಲ್ಲಿ ಉಳಿಯುವ ಕೆಲಸವೇನು? ಮೊದಲು ಚಕ್ರ ತೆಗೆಯಬೇಕು, ಏಣಿ ತೆಗೆಯಬೇಕು, ಮೇಲಂತಸ್ತು ಮುಚ್ಚಬೇಕು. ಹತ್ತುವುದಕ್ಕೆ ಏನೂ ಇಲ್ಲದ, ಅಗಲವಾದ ಪ್ಲಾಸ್ಟಿಕ್ ಡಬ್ಬವಿದ್ದರೆ ಆ ಕೆಲವು ವಾರಗಳಿಗೆ ಅದೇ ಆಸ್ಪತ್ರೆ. ಗಾಳಿಯಾಡಲು ಮುಚ್ಚಳದಲ್ಲಿ ತೂತುಗಳಿರಲಿ. ವಾಸನೆಯಿಲ್ಲದ, ಅಚ್ಚಿಲ್ಲದ ಟಿಶ್ಯೂ ಕಾಗದವನ್ನು ಹರಿದು ಹಾಸಿದರೆ ಮೆತ್ತಗೂ ಇರುತ್ತದೆ, ಕಾಲಿಗೆ ಸುತ್ತಿಕೊಳ್ಳುವುದೂ ಇಲ್ಲ. ನೀರು, ಕಾಳು, ಮಲಗುವ ಜಾಗ ಮೂರೂ ಹತ್ತಿರ ಹತ್ತಿರ ಇರಲಿ. ನೀರಿನ ಬಾಟಲಿ ಎತ್ತರದಲ್ಲಿದ್ದರೆ ಹಿಂಗಾಲ ಮೇಲೆ ನಿಲ್ಲಬೇಕಾಗುತ್ತದೆ, ಕೆಳಗಿಳಿಸಬೇಕು. ಜೊತೆಗೆ ಇನ್ನೊಂದಿದ್ದರೆ ಬೇರೆ ಮಾಡಬೇಕು. ಎತ್ತಲೇಬೇಕಾದಾಗ ಕೈಯಿಂದ ಹಿಡಿಯುವ ಬದಲು ಲೋಟವನ್ನು ಮುಂದಿಟ್ಟರೆ ತಾನೇ ಒಳಗೆ ಹೋಗುತ್ತದೆ. ದಿನವೂ ಒಂದೇ ಹೊತ್ತಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡರೆ, ತಿನ್ನುತ್ತಿದೆಯೋ ಇಲ್ಲವೋ ಎಂಬ ಊಹಾಪೋಹಕ್ಕೆ ಎಡೆಯಿರುವುದಿಲ್ಲ. ಹತ್ತು ಗ್ರಾಂ ತೂಕ ಇಳಿದರೆ ನಮ್ಮಂಥವರು ಐದು ಕಿಲೋ ಕಳೆದುಕೊಂಡ ಹಾಗೆ.

ಇಷ್ಟು ಮಾಡಿದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ. ವಾರ ಕಳೆದರೆ ನೋವು ಇಳಿದು ಅದು ಚುರುಕಾಗುತ್ತದೆ, ಡಬ್ಬದ ಗೋಡೆ ಕೆರೆಯುತ್ತದೆ. "ಪಾಪ, ಚಕ್ರ ಹಾಕೋಣ" ಎಂದು ಮಕ್ಕಳು ಗೋಗರೆಯುತ್ತಾರೆ, ದೊಡ್ಡವರಿಗೂ ಹೌದೆನ್ನಿಸುತ್ತದೆ. ಆಗಷ್ಟೇ ಕೂಡಿಕೊಳ್ಳುತ್ತಿರುವ ಮೂಳೆ ಮತ್ತೆ ಮುರಿಯುವುದು ಇಂಥ ಪ್ರೀತಿಯಿಂದಲೇ. ವೈದ್ಯರು ಸರಿ ಎನ್ನುವ ತನಕ ಚಕ್ರ ಅಟ್ಟದ ಮೇಲಿರಬೇಕು. ಮುಂದೆ ಹಾಕುವಾಗಲೂ ತಂತಿಯದು ಬೇಡ. ಸಂದಿಯಿಲ್ಲದ, ಓಡುವಾಗ ಬೆನ್ನು ಬಾಗದಷ್ಟು ದೊಡ್ಡ ಅಡ್ಡಳತೆಯದೇ ಆಗಬೇಕು.

"ಇಲಿಯಂಥದ್ದಕ್ಕೆ ಎಕ್ಸ್‌ರೇಯಾ?" ಎಂದು ಕೇಳುವವರು ಎಲ್ಲ ಕಡೆ ಇದ್ದಾರೆ. ಅವರ ಲೆಕ್ಕ ತಪ್ಪಲ್ಲ. ಕೊಂಡ ಬೆಲೆಗಿಂತ ಒಂದು ಭೇಟಿಯ ಫೀಸೇ ಹೆಚ್ಚಾಗಬಹುದು. ಹೆಚ್ಚೆಂದರೆ ಎರಡು ಮೂರು ವರ್ಷ ಬಾಳುವ ಪ್ರಾಣಿ ಅದು, ಹೊಸದನ್ನು ತರುವುದು ಅಗ್ಗ. ಈ ಲೆಕ್ಕವನ್ನು ಪ್ರಾಣಿಯನ್ನು ತರುವ ಮುಂಚೆ ಹಾಕಿದರೆ ಜಾಣತನ, ಕಾಲು ಮುರಿದ ಮೇಲೆ ಹಾಕಿದರೆ ಕ್ರೌರ್ಯ. ಎಲ್ಲ ಪಶುವೈದ್ಯರೂ ಇಷ್ಟು ಚಿಕ್ಕ ಪ್ರಾಣಿಯನ್ನು ನೋಡುವುದಿಲ್ಲ. ಯಾರು ನೋಡುತ್ತಾರೆ, ಎಷ್ಟು ದೂರ, ಎಷ್ಟು ಖರ್ಚು ಎಂಬುದನ್ನು ಪಂಜರ ಕೊಳ್ಳುವ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ಮನೆಯ ಮಗು ಇದನ್ನೆಲ್ಲ ನೋಡುತ್ತಿರುತ್ತದೆ ಎಂಬುದೂ ಸಣ್ಣ ಮಾತಲ್ಲ. ಹಳೆಯದಕ್ಕೆ ಪೆಟ್ಟಾದರೆ ಹೊಸದು ತರಬಹುದು ಎಂಬ ಪಾಠವನ್ನು ಹತ್ತು ವರ್ಷಕ್ಕೇ ಕಲಿತವರು ಮುಂದೆ ಅದನ್ನು ಯಾರ ಮೇಲೆ ಪ್ರಯೋಗಿಸುತ್ತಾರೋ ಹೇಳಲಾಗದು.

ಕಾಯಿಲೆಯವರ ಮುಂದೆ ನಮಗೆ ಸುಮ್ಮನಿರಲು ಬರುವುದಿಲ್ಲ. ಬಿದ್ದು ಸೊಂಟ ಮುರಿದುಕೊಂಡ ಹಿರಿಯರ ಮಂಚದ ಸುತ್ತ ಒಬ್ಬರು ಎಣ್ಣೆ, ಇನ್ನೊಬ್ಬರು ಕಷಾಯ, ಮತ್ತೊಬ್ಬರು ಪರಿಚಯದ ಪಂಡಿತರ ನಂಬರು ಹಿಡಿದು ನಿಂತಿರುತ್ತೇವೆ. ಅವರಿಗೆ ನಿದ್ದೆ ಬಂದಿದೆಯೇ, ಹೊರಳಲು ಆಗುತ್ತಿದೆಯೇ, ನಿನ್ನೆಗಿಂತ ಅರ್ಧ ತುತ್ತು ಕಡಿಮೆ ಉಂಡರೇ ಎಂದು ನೋಡುವವರು ಆ ಗುಂಪಿನಲ್ಲಿ ಒಬ್ಬರಿದ್ದರೆ ಪುಣ್ಯ. ಏನಾದರೂ ಮಾಡಬೇಕೆಂಬ ತಹತಹ ಎಷ್ಟೋ ಸಲ ನಮ್ಮ ಸಂಕಟಕ್ಕೆ ನಾವೇ ಹಚ್ಚಿಕೊಳ್ಳುವ ಮುಲಾಮು, ರೋಗಿಗೆ ಅದರಿಂದ ಆಗುವುದೇನೂ ಇಲ್ಲ. ಬಲ್ಲವರ ಬಳಿ ತಡಮಾಡದೆ ಒಯ್ಯುವುದು, ಅವರು ಹೇಳಿದಷ್ಟನ್ನೇ ಮಾಡುವುದು, ಉಳಿದ ಹೊತ್ತು ಕಣ್ಣು ತೆರೆದು ಕೈ ಕಟ್ಟಿ ಕೂರುವುದು ನೋಡಲು ಸೋಮಾರಿತನದಂತಿದೆ. ಮಾಡಿ ನೋಡಿದವರಿಗೇ ಗೊತ್ತು, ಇದಕ್ಕಿಂತ ದಣಿಸುವ ಕೆಲಸ ಇನ್ನೊಂದಿಲ್ಲ. 120 ಗ್ರಾಂ ತೂಕದ ಜೀವವೊಂದು ಅದನ್ನು ನಮ್ಮಿಂದ ಮಾಡಿಸುತ್ತದೆಂದರೆ, ಆ ಮನೆಯಲ್ಲಿ ಮುಂದೆ ಹಾಸಿಗೆ ಹಿಡಿಯುವ ಮನುಷ್ಯರಿಗೂ ಅದರಿಂದ ಉಪಕಾರವೇ.