ವರಮಾನ ತೆರಿಗೆಯೂ ಗೃಹಸ್ಥಧರ್ಮವೂ

ದೇವಋಣ, ಋಷಿಋಣ, ಪಿತೃಋಣ ಎಂದು ಗೃಹಸ್ಥನ ಋಣಗಳನ್ನು ಹಿರಿಯರು ಮೂರು ಬಗೆಯಾಗಿ ಎಣಿಸಿದ್ದಾರೆ. ಇವುಗಳಲ್ಲಿ ಎಳ್ಳಷ್ಟು ಲೋಪವಾದರೂ ಮನಸ್ಸು ನೊಂದುಕೊಳ್ಳುವ ಮನೆಗಳಲ್ಲಿಯೇ, ರಾಜ್ಯಕ್ಕೆ ಸಲ್ಲತಕ್ಕ ಋಣದ ಮಾತು ಬಂದಾಗ, ಅದನ್ನು ತಪ್ಪಿಸಿಕೊಂಡವನನ್ನು ಜಾಣನೆಂದು ಹೊಗಳುವುದುಂಟು. ಸುಳ್ಳಾಡಬಾರದೆಂದು ಮಗುವಿಗೆ ಕಲಿಸುವ ತಂದೆಯೇ, ವರ್ಷಾಂತ್ಯದ ಲೆಕ್ಕದ ಕಾಲದಲ್ಲಿ, ತಾನು ಕೊಡದ ಬಾಡಿಗೆಗೆ ರಸೀದಿಯನ್ನು ಹುಡುಕುತ್ತಾನೆ. ಇದು ಅಧರ್ಮವೋ, ಕೇವಲ ವ್ಯವಹಾರಚಾತುರ್ಯವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪ್ರಶ್ನೆಯನ್ನು ಒಂದು ಮನೆಯ ಜಗಲಿಗೆ ತಂದು ನೋಡುವುದು ಲೇಸು. ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಲ್ಲಿ ಒಂದು ಅವಿಭಕ್ತ ಕುಟುಂಬವಿದೆಯೆಂದು ಭಾವಿಸಬಹುದು. ಹಿರಿಯನು ಬತ್ತ ಕಬ್ಬುಗಳನ್ನು ಬೆಳೆಯುತ್ತಾನೆ. ನಡುವಿನವನು ಹಿಪ್ಪುನೇರಳೆಯನ್ನು ಬೆಳೆದು, ರೇಷ್ಮೆಹುಳುಗಳನ್ನು ಸಾಕಿ, ಗೂಡು ಮಾರುತ್ತಾನೆ. ಕಿರಿಯನು ಪಟ್ಟಣದಲ್ಲಿ ಉಪಾಧ್ಯಾಯನು. ಮೂವರ ಗಳಿಕೆಯೂ ಒಂದೇ ಒಲೆಯ ಮೇಲೆ ಬೇಯುತ್ತದೆ. ಆದರೆ ಕಾಯಿದೆಯು ಈ ಮೂರನ್ನೂ ಬೇರೆ ಬೇರೆಯಾಗಿ ಕಾಣುತ್ತದೆ.

ಈ ಭೇದಕ್ಕೆ ಚರಿತ್ರೆಯುಂಟು. 1857ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ನನು 1860ರಲ್ಲಿ ಈ ತೆರಿಗೆಯನ್ನು ಭರತಖಂಡಕ್ಕೆ ತಂದನು. 1886ರ ಕಾಯಿದೆಯು ಬೇಸಾಯದ ವರಮಾನವನ್ನು ಹೊರಗಿಟ್ಟಿತು. ಕೊಳ್ಳೇಗಾಲವು ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಒಡೆತನಗಳು ಬದಲಾದರೂ ಆ ವಿನಾಯಿತಿ ಮಾತ್ರ ಅಳಿಯಲಿಲ್ಲ. ಬೇಸಾಯದ ವರಮಾನದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನವು ರಾಜ್ಯಗಳಿಗೆ ಬಿಟ್ಟಿದೆ.

ಆದುದರಿಂದ ಹಿರಿಯನ ಬತ್ತಕ್ಕೆ ಕೇಂದ್ರದ ತೆರಿಗೆಯಿಲ್ಲ. ನಡುವಿನವನ ಸಂಗತಿ ಸೂಕ್ಷ್ಮವಾದುದು. ಹಿಪ್ಪುನೇರಳೆಯ ಸೊಪ್ಪು ಭೂಮಿಯ ಬೆಳೆ. ಆದರೆ ಸೊಪ್ಪನ್ನು ತಿಂದ ಹುಳು ಕಟ್ಟಿದ ಗೂಡು ಭೂಮಿಯ ಬೆಳೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರ ದಶಕದ ಕೊನೆಯಲ್ಲಿ ನಿರ್ಣಯಿಸಿತು. ಸಣ್ಣ ಹಿಡುವಳಿದಾರನ ಗೂಡಿನ ಲಾಭವು ತೆರಿಗೆಯ ಮಿತಿಯೊಳಗೇ ನಿಲ್ಲಬಹುದು. ಆದರೆ ಅದನ್ನು ಬೇಸಾಯವೆಂದು ಬರೆಯುವುದಕ್ಕೆ ಕಾಯಿದೆಯ ಸಮ್ಮತಿಯಿಲ್ಲ.

ಇನ್ನು ಕಿರಿಯನದು. 2025-26ನೆಯ ವರ್ಷದ ಹೊಸ ಪದ್ಧತಿಯಂತೆ 4 ಲಕ್ಷ ರೂಪಾಯಿಗಳವರೆಗೆ ತೆರಿಗೆಯಿಲ್ಲ. ಅಲ್ಲಿಂದ 8 ಲಕ್ಷದವರೆಗೆ ನೂರಕ್ಕೆ 5, 12 ಲಕ್ಷದವರೆಗೆ ನೂರಕ್ಕೆ 10, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, 24 ಲಕ್ಷದ ಮೇಲೆ ನೂರಕ್ಕೆ 30 ಆಗುತ್ತದೆ. ಸಂಬಳಗಾರನಿಗೂ ಪಿಂಚಣಿದಾರನಿಗೂ ಮೊದಲೇ 75,000 ರೂಪಾಯಿಗಳನ್ನು ಕಳೆಯಲಾಗುತ್ತದೆ. ಉಳಿದ ವರಮಾನವು 12 ಲಕ್ಷವನ್ನು ಮೀರದಿದ್ದರೆ, ಕೆಲವು ವಿಶೇಷ ಲಾಭಗಳನ್ನುಳಿದು, ಲೆಕ್ಕಕ್ಕೆ ಬಂದ ತೆರಿಗೆಯನ್ನೂ ಬಿಟ್ಟುಕೊಡಲಾಗುತ್ತದೆ. ಇಲ್ಲಿಯೇ ಬಹುಜನರು ಎಡವುತ್ತಾರೆ. ತೆರಿಗೆ ಇಲ್ಲವೆಂದ ಮಾತ್ರಕ್ಕೆ ವಿವರಪತ್ರವನ್ನು ಸಲ್ಲಿಸಬೇಕಾಗಿಲ್ಲವೆಂದು ಅರ್ಥವಲ್ಲ. ವರಮಾನವು 4 ಲಕ್ಷವನ್ನು ದಾಟಿದವನು ಒಂದು ಕಾಸನ್ನೂ ತೆರಬೇಕಾಗಿಲ್ಲದಿದ್ದರೂ ತನ್ನ ಲೆಕ್ಕವನ್ನು ಒಪ್ಪಿಸತಕ್ಕದ್ದು. ಸಾಮಾನ್ಯ ಸಂಬಳಗಾರನಿಗೆ ವಾಡಿಕೆಯ ಗಡುವು ಜುಲೈ 31. ಸಂಬಳದಲ್ಲಿ ಮೊದಲೇ ಕಡಿತವಾಗಿದೆಯೆಂದು ಸುಮ್ಮನಿರುವುದೂ ತಪ್ಪು. ಬ್ಯಾಂಕಿನ ಬಡ್ಡಿ, ಮನೆಬಾಡಿಗೆ ಮೊದಲಾದುವನ್ನೂ ಅದರಲ್ಲಿ ಸೇರಿಸಬೇಕು. ಕಡಿತವು ಹೆಚ್ಚಾಗಿದ್ದರೆ ಅದನ್ನು ಮರಳಿ ಪಡೆಯುವ ದಾರಿಯೂ ಇದೇ ಪತ್ರ.

ಇದರಿಂದ ಒಂದು ತತ್ತ್ವವು ಹೊರಡುತ್ತದೆ. ತೆರುವುದು ಒಂದು ಕರ್ತವ್ಯ, ಹೇಳುವುದು ಮತ್ತೊಂದು. ತೆರುವುದಕ್ಕೆ ವಿನಾಯಿತಿಗಳುಂಟು, ನಿಜ ಹೇಳುವುದಕ್ಕೆ ಇಲ್ಲ. ಪತ್ರದ ಕೊನೆಯಲ್ಲಿ, ಇದರಲ್ಲಿರುವುದೆಲ್ಲ ತಿಳಿದಮಟ್ಟಿಗೆ ಸತ್ಯವೆಂದು ಪ್ರತಿಯೊಬ್ಬನೂ ಪ್ರಮಾಣ ಮಾಡುತ್ತಾನೆ. ಅದು ಈಗ ಯಂತ್ರದ ಗುಂಡಿಯನ್ನೊತ್ತಿ ಮಾಡುವ ಪ್ರಮಾಣವಾದರೂ ಪ್ರಮಾಣವೇ.

ಇಲ್ಲಿ ಪೂರ್ವಪಕ್ಷವೊಂದಿದೆ. "ತೆತ್ತ ಹಣವು ಸದ್ವಿನಿಯೋಗವಾಗುವುದೆ? ಊರಿನ ರಸ್ತೆಯ ಗುಂಡಿ ಮುಚ್ಚಲಿಲ್ಲ, ಕೆರೆಯ ಹೂಳು ತೆಗೆಯಲಿಲ್ಲ. ಜಿಗಣೆ, ಕರು, ದುಂಬಿಗಳಂತೆ ಅಲ್ಪಾಲ್ಪವಾಗಿ ಕರವನ್ನು ತೆಗೆದುಕೊಳ್ಳಬೇಕೆಂದು ಮನುಸ್ಮೃತಿಯೇ ಅರಸನಿಗೆ ವಿಧಿಸಿದೆ. ಅರಸು ತನ್ನ ಧರ್ಮವನ್ನು ಬಿಟ್ಟಮೇಲೆ ಪ್ರಜೆಗೇಕೆ ಧರ್ಮ?" ಎಂಬುದು ಆ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಅದರ ಹಿಂದಿರುವ ನೋವು ನಿಜವಾದುದು.

ಆದರೆ ಅದಕ್ಕೆ ಉತ್ತರವನ್ನು ಕನ್ನಡನಾಡಿನ ರೈತರೇ ಕೊಟ್ಟಿದ್ದಾರೆ. 1930ರಿಂದ 1932ರವರೆಗೆ ಅಂಕೋಲ, ಸಿದ್ದಾಪುರ, ಹಿರೇಕೆರೂರು ಸೀಮೆಗಳಲ್ಲಿ ಕರನಿರಾಕರಣೆ ನಡೆಯಿತು. ಆ ರೈತರು ಅನ್ಯಾಯದ ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ಬಹಿರಂಗವಾಗಿ ಸಾರಿದರು, ಜಮೀನು, ದನ, ಪಾತ್ರೆಪದಾರ್ಥಗಳ ಜಪ್ತಿಯನ್ನು ಅನುಭವಿಸಿದರು, ಸೆರೆಮನೆಗೂ ಹೋದರು. ಅವರು ಸುಳ್ಳು ಲೆಕ್ಕ ಬರೆಯಲಿಲ್ಲ. ನಿರಾಕರಿಸುವವನು ಅದರ ಕಷ್ಟವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಮರೆಮಾಚುವವನು ಅದನ್ನು ನೆರೆಯವನ ತಲೆಗೆ ಹೊರಿಸುತ್ತಾನೆ. ಮೊದಲನೆಯದು ತಪಸ್ಸು, ಎರಡನೆಯದು ಚೌರ್ಯ.

ನೆರೆಯವನು ಯಾರು? ಧನಗೆರೆಯ ಆ ಮನೆಯಲ್ಲಿಯೇ ಅವನಿದ್ದಾನೆ. ನಡುವಿನವನು ನೂಲಿನ ವ್ಯಾಪಾರಕ್ಕೆ ಕೈಹಾಕಿ ದೊಡ್ಡ ಲಾಭ ಗಳಿಸಿ, ಅದನ್ನು ಅಣ್ಣನ ಗದ್ದೆಯ ಬತ್ತವೆಂದು ಬರೆಸಿದನೆನ್ನಬಹುದು. ಆಗ ಬೊಕ್ಕಸದ ಕೊರತೆ ಬೀಳುವುದು ಮರೆಮಾಚಲು ಎಡೆಯೇ ಇಲ್ಲದ ತಮ್ಮನ ಸಂಬಳದ ಮೇಲೆ. ಅಷ್ಟೇ ಅಲ್ಲದೆ, ಹುಸಿ ಬೇಸಾಯಗಾರರು ಹೆಚ್ಚಿದಂತೆಲ್ಲ ನಿಜವಾದ ಬೇಸಾಯಗಾರನ ವಿನಾಯಿತಿಯೂ ಸಂಶಯಕ್ಕೆ ಗುರಿಯಾಗುತ್ತದೆ. ಮಳೆಯನ್ನು ನಂಬಿ ಬದುಕುವ ಅಣ್ಣನ ಹೆಸರನ್ನು ಹೀಗೆ ಬಳಸಿಕೊಳ್ಳುವುದು ಭ್ರಾತೃದ್ರೋಹವಲ್ಲದೆ ಮತ್ತೇನು?

ಕಾಯಿದೆಯೇ ಕೊಟ್ಟ ವಿನಾಯಿತಿಗಳನ್ನು ಲೆಕ್ಕಹಾಕಿ ಪಡೆಯುವುದು ದೋಷವಲ್ಲ. ಅವುಗಳನ್ನು ಅರಿಯುವುದು ಗೃಹಸ್ಥನ ವಿವೇಕ. ಅರಿಯದೆ ತಪ್ಪಿದವನಿಗೆ ಪ್ರಾಯಶ್ಚಿತ್ತವೂ ಉಂಟು. 2025ರ ತಿದ್ದುಪಡಿಯಂತೆ, ಬಿಟ್ಟುಹೋದ ವರಮಾನವನ್ನು ನಾಲ್ಕು ವರ್ಷಗಳೊಳಗೆ ತಾನಾಗಿಯೇ ಒಪ್ಪಿಕೊಂಡು, ಹೆಚ್ಚಿನ ತೆರಿಗೆಯನ್ನು ತೆತ್ತು, ಪತ್ರವನ್ನು ಸರಿಪಡಿಸಬಹುದು; ತಡವಾದಷ್ಟೂ ದಂಡದ ಭಾರ ಹೆಚ್ಚು. ಧರ್ಮಶಾಸ್ತ್ರದ ಕ್ರಮವೂ ಇದೇ ಅಲ್ಲವೆ?

ರಸ್ತೆಯ ಗುಂಡಿಯನ್ನು ಕುರಿತು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ಮೂವರು ಅಣ್ಣತಮ್ಮಂದಿರಿಗೂ ಸಮಾನವಾಗಿದೆ. ಆದರೆ ತನ್ನ ಲೆಕ್ಕದಲ್ಲಿ ಸುಳ್ಳು ಬರೆದವನು ಸರಕಾರದ ಲೆಕ್ಕವನ್ನು ಕೇಳಲು ಎದ್ದಾಗ, ಅವನ ದನಿ ಗಂಟಲಿನಲ್ಲಿಯೇ ಅಳುಕುತ್ತದೆ. ಊರಿಗೆ ಆ ಹೆಸರು ಹೇಗೇ ಬಂದಿರಲಿ, ಧನಗೆರೆಯೆಂದಾಗ ಕಿವಿಗೆ ಧನವೂ ಕೇಳಿಸುತ್ತದೆ, ಕೆರೆಯೂ ಕೇಳಿಸುತ್ತದೆ. ಕೆರೆಯ ಏರಿಯನ್ನು ಇರುಳಿನಲ್ಲಿ ಕಡಿದು ತನ್ನ ಗದ್ದೆಗೆ ನೀರು ಹಾಯಿಸಿಕೊಂಡವನು, ಬೆಳಗ್ಗೆ ಕೆರೆ ಬರಿದಾಯಿತೆಂದು ಯಾರನ್ನು ದೂರಿಯಾನು?