ತೀರದ ಹಸಿವು

ಜಿಹ್ವಾಚಾಪಲ್ಯವನ್ನು ನಿಗ್ರಹಿಸಬೇಕೆಂಬುದು ಸರ್ವಸಮ್ಮತವಾದ ನೀತಿ. ನಿಗ್ರಹಿಸಲಾರದವನನ್ನು ಲೋಕವು ಹೊಟ್ಟೆಬಾಕನೆಂದು ಜರೆಯುವುದು. ಈ ನಿಂದೆ ಎಲ್ಲ ಕಡೆಯಲ್ಲಿಯೂ ನ್ಯಾಯವೆನಿಸೀತೆ? ಕಾಯದ ಒಳಗಣ ಒಂದು ಸೂಕ್ಷ್ಮ ವ್ಯವಸ್ಥೆಯನ್ನು ಅರಿತು ಉತ್ತರಿಸುವುದು ಯುಕ್ತ.

ಜೀವಕೋಶದಲ್ಲಿ ಪ್ರೋಟೀನುಗಳನ್ನು ಕಟ್ಟುವ ರೈಬೋಸೋಮುಗಳುಂಟು. ಅವುಗಳ ಆರ್‌ಎನ್‌ಎ ಎಳೆಗಳು ಸಿದ್ಧವಾಗುವಾಗ, ಮಾನವರಲ್ಲಿ ಸುಮಾರು 100 ಎಡೆಗಳಲ್ಲಿ ಮೀಥೈಲ್ ಅಂಶವು ಸೇರಬೇಕು. ಸುಮಾರು ಅಷ್ಟೇ ಎಡೆಗಳಲ್ಲಿ ಯೂರಿಡಿನ್ ಎಂಬುದು ಸ್ಯೂಡೋಯೂರಿಡಿನ್ ಆಗಿ ಮಾರ್ಪಡಬೇಕು. ಕೆಲಸ ಮಾಡುವ ಕಿಣ್ವಕ್ಕೆ ಎಡೆ ತಿಳಿಯದು. ಅದನ್ನು ತೋರುವುದು ಸ್ನೋಆರ್‌ಎನ್‌ಎ ಎಂಬ ಕಿರಿಯ ಎಳೆ. ಅದು ಯಾವ ಪ್ರೋಟೀನಿಗೂ ಅಚ್ಚಲ್ಲ. ತನ್ನ ಅಕ್ಷರಗಳನ್ನು ಇನ್ನೊಂದು ಎಳೆಯ ಅಕ್ಷರಗಳೊಡನೆ ಹೊಂದಿಸಿ, ‘ಇಲ್ಲಿ’ ಎಂದು ಗುರುತು ತೋರುವುದಷ್ಟೇ ಅದರ ಕಾಯಕ. ಮಾನವರಲ್ಲಿ ಇವು ಬಹುಪಾಲು ಜೀನ್ ಸಂದೇಶದಿಂದ ಕತ್ತರಿಸಿ ತೆಗೆಯಲ್ಪಡುವ ಇಂಟ್ರಾನ್ ತುಂಡುಗಳಿಂದಲೇ ಹುಟ್ಟುವುವು. ಮೀಥೈಲ್ ಸೇರುವಲ್ಲಿ ಇವುಗಳ ಪಾತ್ರ 1996ರಲ್ಲಿಯೂ, ಸ್ಯೂಡೋಯೂರಿಡಿನ್ ವಿಷಯದಲ್ಲಿ 1997ರಲ್ಲಿಯೂ ತಿಳಿದುಬಂದಿತು.

ಇಷ್ಟು ಕಿರಿದಾದುದರ ಅಭಾವದಿಂದ ಏನಾದೀತು? 1956ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದ ವೈದ್ಯರಾದ ಪ್ರಾಡರ್, ಲ್ಯಾಬ್‌ಹಾರ್ಟ್ ಮತ್ತು ವಿಲ್ಲಿ ಎಂಬವರು ಒಂದು ವ್ಯಾಧಿಯನ್ನು ವರ್ಣಿಸಿದರು. ಹಸುಳೆಯಾಗಿದ್ದಾಗ ಹಾಲು ಚೀಪಲೂ ಬಲ ಸಾಲದ ಮಗು, ಕೆಲವು ವರ್ಷಗಳ ತರುವಾಯ ಎಷ್ಟು ಉಂಡರೂ ತಣಿಯದ ಹಸಿವಿಗೆ ಸಿಲುಕುವುದು. 15ನೆಯ ಕ್ರೋಮೋಸೋಮಿನಲ್ಲಿ ತಂದೆಯ ಕಡೆಯಿಂದ ಕೆಲಸ ಮಾಡಬೇಕಾದ ಭಾಗವು ಮೌನವಾಗಿರುವುದೇ ಇದಕ್ಕೆ ಕಾರಣ. ಆ ಭಾಗದಲ್ಲಿ ಸ್ನೋರ್ಡ್ 116 ಎಂಬ ಸ್ನೋಆರ್‌ಎನ್‌ಎಗಳ ಗುಂಪಿದೆ. ಈ ಗುಂಪನ್ನು ಒಳಗೊಂಡ ಅತಿ ಕಿರಿದಾದ ಲೋಪದಿಂದಲೂ ವ್ಯಾಧಿಯ ಮುಖ್ಯ ಲಕ್ಷಣಗಳು ಕಾಣುವುವೆಂದು 2008ರಲ್ಲಿ ಪ್ರಕಟವಾಯಿತು. ಈ ಗುಂಪು ಯಾವ ಎಳೆಗೆ ದಾರಿ ತೋರುವುದೆಂಬುದು ವಿಜ್ಞಾನಿಗಳಿಗೆ ಇನ್ನೂ ಖಚಿತವಾಗಿಲ್ಲ. ಅದು ಇಲ್ಲದಿರುವುದರ ಫಲವು ಮಾತ್ರ ಕಣ್ಣೆದುರಿಗಿದೆ.

ಅಡಿಗೆಮನೆಯಲ್ಲಿ ಕದ್ದು ತಿಂದ ಆ ಮಗುವನ್ನು ಕಳ್ಳನೆನ್ನಬಹುದೆ? ಸಾಲದು ಎಂಬ ಕೂಗು ಒಳಗಿದ್ದು, ಸಾಕು ಎಂಬ ದನಿಯೇ ಏಳದಿರುವಲ್ಲಿ, ನಿಗ್ರಹದ ಉಪದೇಶವು ಕುರುಡನಿಗೆ ಕನ್ನಡಿ ಹಿಡಿದಂತೆ.

ಹಾಗಾದರೆ ಎಲ್ಲ ದೋಷವನ್ನೂ ದೇಹದ ಮೇಲೆ ಹೊರಿಸಿ ಮನುಷ್ಯನು ಹೊಣೆಯಿಂದ ಪಾರಾಗಬಹುದಲ್ಲವೆ ಎಂದು ಕೇಳುವವರುಂಟು. ಹಾಗಲ್ಲ. ಶಕ್ತಿಯಿದ್ದಷ್ಟು ಹೊಣೆ. ಸಾಕೆಂಬ ಅರಿವಾದ ಮೇಲೆಯೂ ಬಡಿಸಿಕೊಳ್ಳುವವನ ತಪ್ಪು ಈ ಮಗುವಿನ ದೆಸೆಯಿಂದ ಮಾಫಿಯಾಗುವುದಿಲ್ಲ. ಮಗುವಿಗಿಲ್ಲದ ನಿಗ್ರಹದ ಹೊಣೆಯಾದರೋ ಇಲ್ಲವಾಗುವುದಿಲ್ಲ, ಸುತ್ತಲಿನವರಿಗೆ ವರ್ಗವಾಗುವುದು. ಉಗ್ರಾಣಕ್ಕೆ ಬೀಗ, ಹೊತ್ತಿಗೆ ಸರಿಯಾಗಿ ಅಳತೆಯ ಊಟ, ಇವು ಅಲ್ಲಿ ದಯೆಯ ರೂಪಗಳು. ಕೇಳಿದ್ದನ್ನೆಲ್ಲ ಕೊಡುವುದು ದಯೆಯಲ್ಲ. ಕೇಳಿದ್ದಕ್ಕಾಗಿ ಹಂಗಿಸುವುದು ಧರ್ಮವಲ್ಲ.

ಎರಡು ರೊಟ್ಟಿಗೆ ತೃಪ್ತನಾಗಿ ಏಳುವವನು ತನ್ನ ಮಿತಾಹಾರವೆಲ್ಲ ತನ್ನದೇ ಸಾಧನೆಯೆಂದು ಬೀಗದಿರಲಿ. ಆ ತೃಪ್ತಿಯಲ್ಲಿ ಅವನು ದುಡಿಯದೆ ಪಡೆದ ಪಾಲೂ ಇದೆ.